ಮಂಜಿನ ಬೆಳಗಿಗೆ ಯಾವ ಚಾಕ್: ಪುಡಿಯೋ, ಲಿಕ್ವಿಡ್ಡೋ, ಬಾಲೋ?

ಡಿಸೆಂಬರ್, ಜನವರಿಯಲ್ಲಿ ಪಾಂಡವಪುರದ ಕುಂತಿಬೆಟ್ಟದ ಕಡೆ ಬೆಳಿಗ್ಗೆ ಬಂಡೆ ಹತ್ತುವವರಿಗೆ, ಕೈ ಜಾರದಂತೆ ಅಂಗೈಗೆ ಮೆತ್ತಿಕೊಳ್ಳುವ ಬಿಳಿ ಚಾಕಿನಲ್ಲಿ ಪುಡಿಯೇ ಸರಿ. ಪುಡಿ, ಲಿಕ್ವಿಡ್, ಬಾಲ್ ಮೂರನ್ನೂ ಒಂದೇ ಬಗೆಯ ಕಲ್ಲಿನ ಮೇಲೆ ಬಳಸಿ ನೋಡಿದ ಮೇಲೆ ಈ ಮಾತು. ಲಿಕ್ವಿಡ್ ಚಾಕ್ ದುಬಾರಿ, ಅಂಗಡಿಯವರ ಹೊಗಳಿಕೆಯೂ ಅದಕ್ಕೇ ಜಾಸ್ತಿ. ಒಳಾಂಗಣದ ಕ್ಲೈಂಬಿಂಗ್ ಗೋಡೆಗೆ ಆ ಹೊಗಳಿಕೆ ಸಲ್ಲುತ್ತದೆ. ಕಾವಳ ಕವಿದ ಗ್ರಾನೈಟಿಗೆ ಸಲ್ಲುವುದಿಲ್ಲ.

ಕೈ ಜಾರುವುದಕ್ಕೆ ಜನ ಚಳಿಯನ್ನು ಬೈಯುತ್ತಾರೆ. ಚಳಿ ಕೆಡಿಸುವುದು ಏನೂ ಇಲ್ಲ. ಹದಿನೈದು, ಹದಿನಾರು ಡಿಗ್ರಿಯಲ್ಲಿ ಅಂಗೈ ಬೆವರುವುದು ಕಡಿಮೆ, ಶೂವಿನ ರಬ್ಬರ್ ಮೆತ್ತಗಾಗಿ ಹಿಸುಕಿಕೊಳ್ಳುವುದಿಲ್ಲ. ಏಪ್ರಿಲ್ ಮಧ್ಯಾಹ್ನದಲ್ಲಿ ನಿಲ್ಲದ ಕಾಲು ಆಗ ನಿಲ್ಲುತ್ತದೆ. ಕೆಡಿಸುವುದು ತೇವ. ಪಾಂಡವಪುರದ ಸುತ್ತ ವಿಶ್ವೇಶ್ವರಯ್ಯ ನಾಲೆ ನೀರಿನ ಗದ್ದೆ, ಕಬ್ಬಿನ ತೋಟ. ಸ್ವಲ್ಪ ಆಚೆಗೆ ತೊಣ್ಣೂರು ಕೆರೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ತನ್ನ ಶಾಖ ಬಿಟ್ಟುಕೊಟ್ಟು ತಣ್ಣಗಾದರೆ ಅಷ್ಟೂ ತೇವ ಮಂಜಾಗಿ ನಿಲ್ಲುತ್ತದೆ.

ಮಂಜು ಎದ್ದಿತು ಅಂದ ಕೂಡಲೇ ಬಂಡೆ ಒಣಗಿತು ಅಂತಲ್ಲ. ಬಿಸಿಲು ಬಿದ್ದರೆ ಗಾಳಿ ಬೇಗ ಬೆಚ್ಚಗಾಗುತ್ತದೆ, ಅಷ್ಟು ದೊಡ್ಡ ಕಲ್ಲು ನಿಧಾನ. ಉದಾಹರಣೆಗೆ ಗಾಳಿ 19 ಡಿಗ್ರಿ, ತೇವಾಂಶ ಶೇಕಡಾ 90 ಇದ್ದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 17.3. ಕಲ್ಲು ಇನ್ನೂ 16ರಲ್ಲೇ ಇದ್ದರೆ ಮಂಜು ಹೋದಮೇಲೂ ಅದರ ಮೇಲೆ ನೀರು ಕೂರುತ್ತಲೇ ಇರುತ್ತದೆ. ಗಾಳಿ 23ಕ್ಕೆ ಏರಿ ತೇವಾಂಶ 65ಕ್ಕೆ ಇಳಿದರೆ ಆ ಮಿತಿ 16ರ ಹತ್ತಿರ ಬರುತ್ತದೆ. ಅಷ್ಟರಲ್ಲಿ ಕಲ್ಲು 19 ಮುಟ್ಟಿದ್ದರೆ ಒಣಗುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ‘ಡ್ಯೂ ಪಾಯಿಂಟ್’ ಅಂತ ಇರುವುದು ಇದೇ ಲೆಕ್ಕ. ರಾತ್ರಿಯೆಲ್ಲ ಆಕಾಶ ನೋಡುತ್ತ ಓರೆಯಾಗಿ ಮಲಗಿದ ಬಂಡೆ, ಅಂದರೆ ಸ್ಲ್ಯಾಬ್‌ಗಳು ಎಲ್ಲಕ್ಕಿಂತ ಹೆಚ್ಚು ಒದ್ದೆ. ನೆಟ್ಟಗೆ ನಿಂತ ಮುಖ, ಮುಂದಕ್ಕೆ ಬಾಗಿದ ಮುಖ ಅಷ್ಟಿಲ್ಲ. ಪೂರ್ವಕ್ಕೆ ತಿರುಗಿದ ಕಡೆ ಮೊದಲು ಒಣಗುತ್ತದೆ, ಉತ್ತರ ಮತ್ತು ಪಶ್ಚಿಮದ ಕಡೆ ಹತ್ತೂವರೆಗೂ ಕಾಯಿಸುತ್ತದೆ.

ಕೈಯ ತೇವಕ್ಕೆ ಚಾಕ್ ಮದ್ದು; ಕಲ್ಲಿನ ತೇವಕ್ಕೆ ಅಲ್ಲ. ಇದು ಮೂರಕ್ಕೂ ಒಂದೇ. ಒಂದು ತುಂಡು ಟಿಶ್ಯೂ ಕಾಗದವನ್ನು ಹೋಲ್ಡ್ (ಕಲ್ಲಿನಲ್ಲಿ ಕೈಗೆ ಸಿಗುವ ಹಿಡಿ) ಮೇಲೆ ಐದು ಸೆಕೆಂಡು ಒತ್ತಿ ತೆಗೆಯಿರಿ. ಬಣ್ಣ ಕಪ್ಪಿಟ್ಟರೆ ಇನ್ನೂ ಕಾಯಬೇಕು. ಒದ್ದೆ ಕಲ್ಲಿಗೆ ಚಾಕ್ ಬಿದ್ದರೆ ದೋಸೆ ಹಿಟ್ಟಿನ ಹಾಗೆ ಆಗಿ, ಗ್ರಾನೈಟಿನ ಹರಳುಗಳ ನಡುವಿನ ಸಂದು ತುಂಬಿಕೊಂಡು, ಬರಿಗೈಗಿಂತ ಹೆಚ್ಚು ಜಾರುತ್ತದೆ.

ಇನ್ನು ಲಿಕ್ವಿಡ್ ಚಾಕ್. ಇದರ ಒಂದು ತಕರಾರು ಬಿಡಿಸಿ ಹೇಳಬೇಕು, ಏಕೆಂದರೆ ಬಾಟಲಿಯ ಮೇಲೆ ಯಾರೂ ಬರೆಯುವುದಿಲ್ಲ. ಪುಡಿಯಲ್ಲಿರುವ ಅದೇ ಮೆಗ್ನೀಸಿಯಮ್ ಕಾರ್ಬೊನೇಟನ್ನು ಆಲ್ಕೋಹಾಲಿನಲ್ಲಿ ಕದಡಿರುತ್ತಾರೆ. ಕೈಗೆ ಸವರಿದರೆ ಆಲ್ಕೋಹಾಲ್ ಹಾರಿ, ಚರ್ಮಕ್ಕೆ ಅಂಟಿದ ತೆಳು ಪದರ ಉಳಿಯಬೇಕು. ಒಣ ಹವೆಯಲ್ಲಿ ಅರ್ಧ ನಿಮಿಷದ ಕೆಲಸ. ಮಂಜಿನಲ್ಲಿ ಆಲ್ಕೋಹಾಲ್ ಏನೋ ಹಾರುತ್ತದೆ, ಗಾಳಿ ತುಂಬಿರುವುದು ನೀರಿನಿಂದ ತಾನೆ. ಹಾರದೆ ಉಳಿಯುವುದು ಆಲ್ಕೋಹಾಲಿನ ಜೊತೆ ಬೆರೆತ ನೀರು. ಅಗ್ಗದ ಬಾಟಲಿಗಳಲ್ಲಿ ಆ ಪಾಲು ಹೆಚ್ಚು. ಗಾಳಿಯಲ್ಲಿ ಜಾಗವೇ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು?

ಅದರ ಮೇಲೆ ಇನ್ನೊಂದು. ಆಲ್ಕೋಹಾಲ್ ಹಾರುವಾಗ ಕೈಯ ಶಾಖ ಎಳೆದುಕೊಂಡು ಹೋಗುತ್ತದೆ. ಮೊದಲೇ ತಣ್ಣಗಿರುವ ಬೆರಳು ಇನ್ನಷ್ಟು ಮರಗಟ್ಟುತ್ತದೆ, ಸಣ್ಣ ಹೋಲ್ಡ್ ಸಿಕ್ಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ಎರಡು, ಮೂರು ನಿಮಿಷ ಕೈ ಬೀಸುತ್ತ ನಿಂತರೂ ಬೆರಳ ಸಂದುಗಳಲ್ಲಿ ಹಸಿ ಹಾಗೇ ಇರುತ್ತದೆ. ಹಸಿ ಪದರದಲ್ಲೇ ಕಲ್ಲು ಹಿಡಿದರೆ ಅದು ಕೈಯಿಂದ ಕಿತ್ತು ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಹಿಂದೆ ಬರುವವರಿಗೂ ಆ ಹೋಲ್ಡ್ ಹೋಯಿತು.

ಇದಕ್ಕೆ ಉಪಾಯ ಇಲ್ಲದಿಲ್ಲ. ಬಾಟಲಿಯನ್ನು ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗಿಟ್ಟುಕೊಳ್ಳಿ. ಸವರುವ ಮುಂಚೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ. ಕಡಲೆಕಾಳಿನಷ್ಟು ಸಾಕು, ಬಟಾಣಿಯಷ್ಟು ಬೇಡ. ಒಣಗಿದ ಮೇಲೆ ಬೇಕಾದರೆ ಎರಡನೇ ಪದರ. ಆದರೆ ಒಣಗಿಸಲು ಬೆಂಕಿಯ ಹತ್ತಿರ ಮಾತ್ರ ಕೈ ಒಡ್ಡಬೇಡಿ. ಚಳಿಗೆ ತೆಂಗಿನ ಗರಿ ಉರಿಸಿಕೊಂಡು ಕೂತವರ ಪಕ್ಕ ಹೋಗಿ ನಿಲ್ಲುವುದು ನಮ್ಮ ಕಡೆ ಸಹಜ. ಆಲ್ಕೋಹಾಲ್ ಮೆತ್ತಿದ ಕೈಗೆ ಅದು ನೇರ ಅಪಾಯ.

ಕೆಲವು ಬ್ರ್ಯಾಂಡ್‌ಗಳಲ್ಲಿ ರಾಳ ಬೆರೆಸಿರುತ್ತಾರೆ. ಕೈಗೆ ಹಿತ, ಕಲ್ಲಿಗೆ ಕೇಡು: ಬ್ರಷ್ಷಿಗೂ ಬಾರದ ಹೊಳಪು ಉಳಿಯುತ್ತದೆ. ಹೊರಗಿನ ಬಂಡೆಗೆ ಅದನ್ನು ಕೊಳ್ಳಲೇಬೇಡಿ, ಪದಾರ್ಥಗಳ ಪಟ್ಟಿ ಓದಿ.

ಹಗ್ಗ ಕಟ್ಟಿ ಹತ್ತುವಾಗ ಲಿಕ್ವಿಡ್ ಇನ್ನೂ ಸೋಲುತ್ತದೆ. ಇಪ್ಪತ್ತು ಮೀಟರ್ ಮೇಲೆ ಒಂದು ಕೈಯಲ್ಲಿ ನೇತಾಡುತ್ತ ಬಾಟಲಿ ಬಿಚ್ಚಲು ಆಗುವುದಿಲ್ಲ. ಸೊಂಟದ ಚೀಲಕ್ಕೆ ಕೈ ಅದ್ದುವುದು ಆಗುತ್ತದೆ. ಅಲ್ಲಿಗೆ ನನ್ನ ಮಟ್ಟಿಗೆ ವಾದ ಮುಗಿಯಿತು.

ಚಾಕ್ ಬಾಲ್: ಬಟ್ಟೆಯ ಉಂಡೆ, ಪುಡಿ ಚೆಲ್ಲುವುದಿಲ್ಲ, ಮಕ್ಕಳಿಗೆ ಒಳ್ಳೆಯದು. ಇಬ್ಬನಿಯಲ್ಲಿ ಬಟ್ಟೆ ಒದ್ದೆಯಾದರೆ ಒಳಗಿನ ಪುಡಿ ಹೊರಗೆ ಬರುವುದೇ ಇಲ್ಲ. ಮುಂದೆ.

ಪುಡಿಯನ್ನೂ ಜೋಪಾನ ಮಾಡಬೇಕು. ಜಿಮ್ನಾಸ್ಟ್‌ಗಳು ಬಳಸುವ 56 ಗ್ರಾಮಿನ ಗಟ್ಟಿಯನ್ನೇ ತೆಗೆದುಕೊಳ್ಳಿ. ಕ್ಲೈಂಬಿಂಗಿಗೆ ಚಾಕ್ ಬಂದದ್ದೇ ಅವರಿಂದ, 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ತಂದ ಅಭ್ಯಾಸ. ಇಡೀ ಗಟ್ಟಿ ಒಮ್ಮೆಗೇ ಪುಡಿ ಮಾಡಬೇಡಿ. ಮೂರನೇ ಒಂದು ಭಾಗ ಚೀಲಕ್ಕೆ, ಅದರಲ್ಲೂ ಕೆಲವು ತುಂಡು ಗಟ್ಟಿಯಾಗೇ ಇರಲಿ. ಉಳಿದದ್ದು ಜಿಪ್ ಕವರಿನಲ್ಲಿ. ಚೀಲದ ಬಾಯಿ ಹತ್ತುವಾಗ ಮಾತ್ರ ತೆರೆಯಲಿ. ಒದ್ದೆ ಕೈ ಅದ್ದಿದರೆ ಚೀಲದೊಳಗೇ ಉಂಡೆ ಕಟ್ಟುತ್ತದೆ, ಮೊದಲು ಪ್ಯಾಂಟಿಗೆ ಒರೆಸಿ. ಮನೆಗೆ ಬಂದು ಚೀಲ ಬಿಸಿಲಿಗೆ ತೆರೆದಿಟ್ಟರೆ ಮುಂದಿನ ವಾರಕ್ಕೆ ಹೊಸದು. ಹತ್ತಿ ಇಳಿದ ಮೇಲೆ ಹೋಲ್ಡ್‌ಗಳನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು, ತಂತಿ ಬ್ರಷ್ ಬೇಡ.

ಕಾಲಿನ ವಿಷಯ ಒಂದೆರಡು ಮಾತು. ಇಬ್ಬನಿಯ ಹುಲ್ಲಲ್ಲಿ ಕ್ಲೈಂಬಿಂಗ್ ಶೂ ಹಾಕಿ ನಡೆಯಬಾರದು. ಬುಡದವರೆಗೆ ಚಪ್ಪಲಿ, ಅಲ್ಲಿ ಗೋಣಿಚೀಲ ಹಾಸಿ ಕೂತು ಶೂ ತೊಟ್ಟು, ಅಟ್ಟೆಯನ್ನು ಒಣಬಟ್ಟೆಯಿಂದ ಕಿರ್ ಅನ್ನುವವರೆಗೆ ಒರೆಸಿ. ಕಪ್ಪು ಪಾಚಿಯ ಪಟ್ಟೆಗಳು ಮಂಜಿನ ದಿನ ಸಾಬೂನು; ಕಾಲಿಡುವ ಜಾಗ ಅವಲ್ಲ.

ಮೈಸೂರಿನಿಂದ ಬೈಕಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಅಭ್ಯಾಸದವರಿಗೆ ಏಳಕ್ಕೇ ಶುರು ಮಾಡುವ ಆಸೆ ಇರುತ್ತದೆ. ಧನುರ್ಮಾಸದಲ್ಲಿ ಅದನ್ನು ಬಿಡಿ. ಒಂಬತ್ತಕ್ಕೆ ಬುಡ ಸೇರಿ, ಪೂರ್ವದ ಮುಖದಲ್ಲಿ ಮೊದಲು ಹತ್ತಿ, ಹತ್ತೂವರೆಯ ಮೇಲೆ ಬೇರೆ ಕಡೆ ತಿರುಗಿ. ಚಿರತೆ ಓಡಾಡುವ ಸೀಮೆಯಲ್ಲಿ ಹತ್ತಡಿ ಮುಂದೆ ಕಾಣದ ಮಂಜಲ್ಲಿ ಕಾಲುದಾರಿ ಹಿಡಿಯದಿರುವುದು ಹೇಗೂ ಒಳ್ಳೆಯದು.

ಖರ್ಚಿನ ಲೆಕ್ಕದಲ್ಲಿ ಒಂದು ಲಿಕ್ವಿಡ್ ಬಾಟಲಿಯ ದುಡ್ಡಿಗೆ ಎರಡು, ಮೂರು ಗಟ್ಟಿ ಬರುತ್ತವೆ, ವಾರಕ್ಕೊಮ್ಮೆ ಹೋಗುವವರಿಗೆ ಇಡೀ ಚಳಿಗಾಲ ಸಾಕು. ಈಗಾಗಲೇ ಬಾಟಲಿ ಕೊಂಡಿದ್ದರೆ ಮುಚ್ಚಳ ಬಿಗಿ ಮಾಡಿ ಮಾರ್ಚಿಗೆ ಎತ್ತಿಡಿ. ಆಗ ಬೆವರುವ ಕೈಗೆ ಮೊದಲ ಪದರವಾಗಿ ಅದನ್ನು ಸವರಿ, ಮೇಲೆ ಪುಡಿ ಉಜ್ಜಿಕೊಂಡರೆ ಎರಡೂ ಕೆಲಸಕ್ಕೆ ಬರುತ್ತವೆ.