ಸೌತೆಬಳ್ಳಿಗೆ ಎಥ್ರೆಲ್ಲೋ, ಜಿಬ್ಬರೆಲಿನ್ನೋ, ಕುಡಿ ಚಿವುಟೋದೋ?

ಬೇಸಿಗೆಯಲ್ಲಿ ತಾರಸಿ ಮೇಲೆ ಸೌತೆ ಹಾಕಿದವರಿಗೆ ಈ ಗೋಳು ಗೊತ್ತು. ಬಳ್ಳಿ ತುಂಬ ಹಳದಿ ಹೂ, ಕಾಯಿ ಮಾತ್ರ ಇಲ್ಲ. ಹೂವಿನ ಬುಡದಲ್ಲಿ ಪುಟ್ಟ ಹೀಚು ಇದ್ದರೆ ಅದು ಹೆಣ್ಣು, ಇಲ್ಲದಿದ್ದರೆ ಗಂಡು. ಬಿಸಿಲೇರಿ ಹಗಲು ಉದ್ದವಾದಾಗ ಗಂಡು ಹೂಗಳದ್ದೇ ದರ್ಬಾರು. ಹಾಗಾಗಿ ಈ ಸಲ ಎಂಟು ಸಸಿ ಇಟ್ಟು, ಎರಡೆರಡಕ್ಕೆ ಒಂದೊಂದು ಮದ್ದು ಮಾಡಿದೆ. ಉಳಿದ ಎರಡಕ್ಕೆ ಬರೀ ನೀರು.

ಮೊದಲನೆಯದು ಎಥ್ರೆಲ್ ಅನ್ನುವ ಸಿಂಪಡಿಸೋ ಔಷಧಿ. ಇದು ಗಿಡದೊಳಗೆ ಹೋಗಿ ಎಥಿಲೀನ್ ಬಿಡುತ್ತದೆ. ಬಾಳೆಹಣ್ಣು ಮಾಗಿಸುತ್ತದಲ್ಲ, ಅದೇ ಅನಿಲ. ಸೌತೆಯಲ್ಲಿ ಇದು ಹೆಣ್ಣು ಹೂವಿನ ಕಡೆ ವಾಲಿಸುತ್ತದೆ. ಎರಡೆಲೆ ಬಿಟ್ಟಾಗ ಒಮ್ಮೆ, ನಾಲ್ಕೆಲೆಗೆ ಇನ್ನೊಮ್ಮೆ ಸಿಂಪಡಿಸಬೇಕು. ಮೊಗ್ಗು ಗಂಡೋ ಹೆಣ್ಣೋ ಅನ್ನುವುದು ನಮಗೆ ಹೂ ಕಾಣುವ ಎಷ್ಟೋ ಮೊದಲೇ ತೀರ್ಮಾನ ಆಗಿರುತ್ತದೆ. ಹೂ ಬಂದ ಮೇಲೆ ಹೊಡೆದರೆ ಸುಮ್ನೆ ದಂಡ. ಅಳತೆಯೇ ದೊಡ್ಡ ತಲೆನೋವು. ಅಂಗಡಿಯ 39% ದ್ರಾವಣದಲ್ಲಿ 100 ಪಿಪಿಎಂ (ಅಂದರೆ ಲೀಟರಿಗೆ 100 ಮಿಲಿಗ್ರಾಂ ಮದ್ದು) ಬೇಕೆಂದರೆ ಲೀಟರ್ ನೀರಿಗೆ ಕಾಲು ಎಂಎಲ್. 40 ಗೆರೆಯ ಒಂದು ಎಂಎಲ್ ಇನ್ಸುಲಿನ್ ಸಿರಿಂಜಿನಲ್ಲಿ 10 ಗೆರೆ. ಹೋದ ವರ್ಷ ಕಣ್ಣಂದಾಜಿನಲ್ಲಿ ಸುರಿದು ಸಸಿಗಳು ಮುದುಡಿ, ಹಳದಿಯಾಗಿ ಕೂತಿದ್ದವು. ಕೈಗವಸು ಹಾಕಿಕೊಳ್ಳಿ. ಬೆರೆಸಿದ್ದನ್ನು ಅವತ್ತೇ ಮುಗಿಸಿ, ಇಟ್ಟರೆ ಸತ್ವ ಹೋಗುತ್ತದೆ.

ಈ ಸಲ ಬಳ್ಳಿ ಗಿಡ್ಡವಾಯಿತು, ಆದರೆ ಕೆಳಗಿನ ಗೆಣ್ಣುಗಳಲ್ಲೇ ಹೀಚು ಕಂಡವು. ಒಂದು ತಮಾಷೆ ಏನೆಂದರೆ, ಆ ಎರಡು ಬಳ್ಳಿಯಲ್ಲಿ ಶುರುವಿನಲ್ಲಿ ಗಂಡು ಹೂವೇ ಇರಲಿಲ್ಲ. ಪರಾಗಕ್ಕೆ ನೀರು ಕುಡಿದ ಬಳ್ಳಿಗಳ ಹತ್ತಿರವೇ ಹೋಗಬೇಕಾಯಿತು!

ಎರಡನೆಯದು ಜಿಬ್ಬರೆಲಿನ್, ಗಿಡವನ್ನು ಉದ್ದ ಎಳೆಯುವ ಹಾರ್ಮೋನು. ಇದು ಪೂರ್ತಿ ಉಲ್ಟಾ. ಗೆಣ್ಣುಗಳ ನಡುವೆ ಗೇಣು ಅಂತರ, ಬಳ್ಳಿ ಸೊರಗಿದ ಹಾಗೆ ಉದ್ದುದ್ದ, ಹೂವೆಲ್ಲ ಗಂಡು. ಬರೀ ಹೆಣ್ಣು ಹೂ ಬಿಡುವ ತಳಿಯಿಂದ ಬೀಜ ಮಾಡುವವರು ಗಂಡು ಹೂ ಬರಿಸಲು ಇದನ್ನೂ ಬಳಸುತ್ತಾರೆ. ನಮ್ಮ ಅಡುಗೆಮನೆಗೆ ಇದರಿಂದ ಏನೂ ಉಪಯೋಗವಿಲ್ಲ.

ಕುಡಿ ಚಿವುಟಿದ ಬಳ್ಳಿಗೆ ಖರ್ಚು ಸೊನ್ನೆ. ಆರೇಳು ಎಲೆ ಆದಾಗ ತುದಿ ಚಿವುಟಿದೆ. ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಚೆನ್ನಾಗಿಯೇ ಬಂದವು, ಎಥ್ರೆಲ್‌ಗಿಂತ ಹತ್ತು ದಿನ ತಡವಾಗಿ. ಗಂಡು ಹೂವೂ ಜೊತೆಗಿದ್ದವು, ಜೇನುಹುಳು ತನ್ನ ಕೆಲಸ ತಾನೇ ಮಾಡಿಕೊಂಡಿತು.

ಮುಂದಿನ ಬೇಸಿಗೆಗೆ ಒಂದೇ ಒಂದು ಬಳ್ಳಿಗೆ ಎಥ್ರೆಲ್, ಮೊದಲ ಕೋಸಂಬರಿ ಬೇಗ ಆಗಲಿ ಅಂತ. ಉಳಿದವಕ್ಕೆಲ್ಲ ಉಗುರೇ ಸಾಕು.