ಡೈರಿ ಬರೆಯುವುದಾ, ಕಥೆ ಓದುವುದಾ?

ನಿಮ್ಮದೇ ಮನಸ್ಸಿನ ಗಂಟು ಬಿಡಿಸಬೇಕಿದ್ದರೆ ಮೊದಲು ಡೈರಿ ಹಿಡಿಯಿರಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ಬರೀ 4 ದಿನ. ಶುರು ಮಾಡಲು ಅಷ್ಟು ಸಾಕು. ಗೆಳತಿಯ ಜೊತೆ ಮಾತು ಬಿಟ್ಟಾಗ ನಾನೂ ಬರೆದೆ. ಮೊದಲ ದಿನ ಪುಟದ ತುಂಬ 'ಅವಳು ಹೀಗೆ ಮಾಡಿದಳು'. ಮೂರನೇ ದಿನ ಒಂದೇ ಸಾಲು: 'ಅವಳು ಎರಡು ಸಲ ಫೋನ್ ಮಾಡಿದ್ದಳು, ನಾನು ಎತ್ತಲಿಲ್ಲ.' ಪೆನ್ನು ಅಲ್ಲೇ ನಿಂತಿತು.

ಆದರೆ ಡೈರಿಯಲ್ಲಿ ಮಾತಾಡುವುದು ನಾವೊಬ್ಬರೇ. ಅದೇ ದೂರನ್ನು ಸುಮ್ನೆ ಸುತ್ತಿ ಸುತ್ತಿ ಬರೆದರೆ ನೋವು ಜಾಸ್ತಿಯಾಗುತ್ತದೆ. ಆಗ 'ನಾನು' ಬಿಟ್ಟು ನಿಮ್ಮ ಹೆಸರು ಹಾಕಿ ಬರೆಯಿರಿ. ಸ್ವಲ್ಪ ದೂರದಿಂದ ನೋಡಿದ ಹಾಗಾಗುತ್ತದೆ.

ಇನ್ನೊಬ್ಬರು ಅರ್ಥವಾಗುತ್ತಿಲ್ಲ ಅಂದರೆ ಕಥೆಯೇ ಸರಿ. ಅಲ್ಲಿ ನಮಗೆ ಹಿಡಿಸದವರ ತಲೆಯೊಳಗೂ ಹೊಕ್ಕು ಬರಬೇಕಾಗುತ್ತದೆ, ಅಲ್ವಾ? ಸಾಹಿತ್ಯದ ಕಥೆ ಓದಿದ ಕೂಡಲೇ ಬೇರೆಯವರ ಭಾವನೆ ಗುರುತಿಸುವುದು ಸುಧಾರಿಸುತ್ತದೆ ಎಂದು 2013ರ ಒಂದು ಅಧ್ಯಯನ ಹೇಳಿತ್ತು. ಆಮೇಲಿನ ಕೆಲವು ಮರುಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಹಾಗಾಗಿ ಒಂದೇ ಕಥೆಯಿಂದ ಪವಾಡ ಬಯಸಬೇಡಿ. ಓದಿದ್ದನ್ನೇ, ನಿಮಗೆ ಸಿಟ್ಟು ಬರಿಸಿದ ಪಾತ್ರದ ಕಡೆ ನಿಂತು ಇನ್ನೊಮ್ಮೆ ಓದಿ.