ಜುಗ್ಗರಿಗೊಂದು ಹುಂಡಿ: ಮಣ್ಣಿನದೋ, ತಗಡಿನದೋ, ಪ್ಲಾಸ್ಟಿಕ್ಕಿನದೋ?

ಮಣ್ಣಿನ ಕುಡಿಕೆ ಕೊಳ್ಳಲು ಶಿರಸಿ ಜಾತ್ರೆಗೋ ಅಂಕೋಲಾ ಪೇಟೆಗೋ ಹೋಗುವಾಗ ಕಿಸೆಯಲ್ಲಿ ಒಂದು 20 ರೂಪಾಯಿ ನಾಣ್ಯ ಇರಲಿ, ಸೀಳಿನಲ್ಲಿ ಇಳಿಯುತ್ತದೋ ನೋಡಲು. 10ರದ್ದೂ 20ರದ್ದೂ 27 ಮಿ.ಮೀ. ಅಗಲ. ಕುಂಬಾರರು ಸೀಳು ಕೊಯ್ಯುವುದು ಮಣ್ಣು ಅರೆಹಸಿ ಇದ್ದಾಗ. ಒಣಗಿ, ಸುಟ್ಟು ಬರುವಷ್ಟರಲ್ಲಿ ಅದು ಕುಗ್ಗಿರುತ್ತದೆ. ಹಾಗಾಗಿಯೇ ನೋಡಲು ಚಂದವಿರುವ ಎಷ್ಟೋ ಕುಡಿಕೆಗಳಲ್ಲಿ 5ರ ನಾಣ್ಯ ಇಳಿಯುತ್ತದೆ, 10ರದ್ದು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಸೀಳು 32 ಮಿ.ಮೀ. ಉದ್ದ, 4 ಮಿ.ಮೀ. ಅಗಲ ಇದ್ದರೆ ಸಾಕು. ಇನ್ನೂ ಅಗಲವಿದ್ದರೆ, ಬೋರಲು ಹಿಡಿದು ಚಾಕು ತೂರಿಸಿದಾಗ ನಾಣ್ಯ ಅಲಗಿನ ಮೇಲೆ ಜಾರಿ ಹೊರಬರುತ್ತದೆ. ಮನೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸೀಳಿನ ಒಳಗಡೆ ಕೊಯ್ದ ಮಣ್ಣಿನ ಏಣು ಉಳಿದಿದ್ದರೆ ದೋಷ ಅಂದುಕೊಳ್ಳಬೇಡಿ. ಜಾರುವ ನಾಣ್ಯವನ್ನು ತಡೆಯುವುದು ಅದೇ.

ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ತೆಗೆದುಕೊಳ್ಳಿ, ಸದ್ದು ಮಂದವಾದರೆ ಬಿರುಕಿದೆ ಅಥವಾ ಸರಿಯಾಗಿ ಬೆಂದಿಲ್ಲ. ಒಂದು ಲೀಟರ್ ಗಾತ್ರದ ಕುಡಿಕೆಯಲ್ಲಿ 10ರ ನಾಣ್ಯ 500ರಷ್ಟು ಹಿಡಿಯುತ್ತವೆ. ಒಂದಕ್ಕೆ 7.74 ಗ್ರಾಂ ಅಂದರೆ ಒಟ್ಟು ನಾಲ್ಕು ಕಿಲೋಗೆ ಹತ್ತಿರ. ಮೇಲಿನ ಗುಬುಟು ಹಿಡಿದು ಎತ್ತಿದಿರೋ, ತಳ ಕಳಚಿತು. ಎತ್ತದೇ ಇದ್ದರೆ ಇನ್ನೂ ಒಳ್ಳೆಯದು. ರೋಮಿನ ಪ್ಲಾಟಸ್ ಬರೆದ ನಾಟಕದ ಜಿಪುಣ ಯೂಕ್ಲಿಯೋ ತನ್ನ ಚಿನ್ನದ ಗಡಿಗೆಯನ್ನು ಮನೆಯಿಂದ ಗುಡಿಗೆ, ಗುಡಿಯಿಂದ ತೋಪಿಗೆ ಸಾಗಿಸುತ್ತ ಹೋದದ್ದಕ್ಕೇ ಅದು ಕಳ್ಳನ ಕಣ್ಣಿಗೆ ಬಿತ್ತು.

ನೋಟು ಮಾತ್ರ ಇದರೊಳಗೆ ಬೇಡ. ಬಣ್ಣ ಬಳಿಯದ ಮಣ್ಣು ಮಳೆಗಾಲದ ಥಂಡಿಯನ್ನೆಲ್ಲ ಹೀರುತ್ತದೆ. ನೋಟು ಬೂಷ್ಟು ಹಿಡಿದು ಒಂದಕ್ಕೊಂದು ಅಂಟುತ್ತದೆ. ಗೋಡೆಯ ಗೂಡಿನಲ್ಲಿಟ್ಟರೆ ಒರಲೆಯ ಕಾಟ ಬೇರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 50 ರೂಪಾಯಿ ಮತ್ತು ಮೇಲಿನ ನೋಟಿನಲ್ಲಿ ಒಂದೇ ತುಂಡಾಗಿ ಶೇ. 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ ಹಣ, ಶೇ. 40ರಿಂದ 80 ಇದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಸೊನ್ನೆ. ಬಿಡಿಸಲಾಗದಂತೆ ಅಂಟಿದ ಕಟ್ಟನ್ನು ಊರಿನ ಶಾಖೆಯಲ್ಲಿ ಬದಲಿಸಿಕೊಡುವುದಿಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕು. ಬೆಂಗಳೂರಿನ ಬಸ್ ಚಾರ್ಜು ಕೊಡಲು ಯಾವ ಜುಗ್ಗ ಒಪ್ಪುತ್ತಾನೆ? 2016ರ ನವೆಂಬರ್ 8ರ ನಂತರವಂತೂ ಹಳೇ 500, 1000ದ ನೋಟು ತುಂಬಲು ಡಿಸೆಂಬರ್ 30ರವರೆಗಷ್ಟೇ ಅವಕಾಶ ಇತ್ತು. ಕುಡಿಕೆ ಒಡೆಯಲು ಮನಸ್ಸು ಬಾರದವರಿಗೆ ಉಳಿದದ್ದು ಬರೀ ಕಾಗದ.

ದಿನಾ ಎಣಿಸುವ ಚಟ ಇರುವವರು ಕೊಳ್ಳುವುದು ಬೀಗದ ತಗಡಿನ ಡಬ್ಬಿ. ಪುರಂದರದಾಸರಾಗುವ ಮೊದಲು ಶ್ರೀನಿವಾಸ ನಾಯಕ ಹೆಂಡತಿಯ ಮೂಗುತಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ ಕಥೆ ಗೊತ್ತಲ್ಲ: ಬೀಗ ಇದ್ದ ಹಾಗೇ ಇತ್ತು, ಮೂಗುತಿ ಇರಲಿಲ್ಲ. ಕಾರವಾರದಲ್ಲಿ ಉಲ್ಟಾ, ದುಡ್ಡು ಭದ್ರ, ಬೀಗವೇ ಹೋಗುತ್ತದೆ. ಉಪ್ಪುಗಾಳಿಯ ತುಕ್ಕು ಶುರುವಾಗುವುದು ತಗಡು ಮಡಚಿದ ಅಂಚಿನಲ್ಲಿ, ಬಣ್ಣ ಸೀಳಿದ ಜಾಗದಲ್ಲಿ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಸೇರಿ ಜಿಗುಟಾಗುತ್ತದೆ. ಪೆನ್ಸಿಲ್ ಕಡ್ಡಿ ಕೆರೆದ ಪುಡಿಯನ್ನು ಕೀಲಿಗೆ ಸವರಿ ನಾಲ್ಕು ಸಲ ತಿರುಗಿಸಿದರೆ ಕೆಲಸ ಆಗುತ್ತದೆ. ಡಬ್ಬಿಯನ್ನು ಕಡಲ ಕಡೆಯ ಕಿಟಕಿಯಲ್ಲಿ ಇಡಬಾರದು.

ಲೆಕ್ಕ ತೋರಿಸುವ ಪ್ಲಾಸ್ಟಿಕ್ ಹುಂಡಿ ಆಟದ ಸಾಮಾನು. ನಾಣ್ಯದ ಅಗಲ ಅಳೆದು ಲೆಕ್ಕ ಹಿಡಿಯುವಂಥದ್ದಕ್ಕೆ 10 ಯಾವುದು, 20 ಯಾವುದು ಗೊತ್ತಾಗುವುದಿಲ್ಲ. ಸೆಲ್ಲು ಸೋರಿದರೆ ಅದೂ ಇಲ್ಲ.

ಒಡೆಯುವಾಗ ಕುಡಿಕೆಯನ್ನು ಗೋಣಿಚೀಲದಲ್ಲಿ ಸುತ್ತಿ, ಬೋರಲು ಹಾಕಿ, ತಳಕ್ಕೆ ಒಂದೇ ಪೆಟ್ಟು ಹಾಕಿ. ಹೊಟ್ಟೆಗೆ ಹೊಡೆದರೆ ಚೂರು ಸಿಡಿಯುತ್ತದೆ. ನಾಣ್ಯಗಳನ್ನು ನೂರರಂತೆ ಕಟ್ಟಿ ಬ್ಯಾಂಕಿಗೆ ಒಯ್ಯಿರಿ. ಅಂಗಡಿಗೆ ಒಯ್ದು ಸುರಿಯುವ ಯೋಚನೆ ಇದ್ದರೆ, 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ಪಾವತಿಗೆ ನಾಣ್ಯದಲ್ಲಿ 1000 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲೇಬೇಕೆಂದು ಅಂಗಡಿಯವರಿಗೆ ಒತ್ತಾಯ ಮಾಡುವ ಹಾಗಿಲ್ಲ.